ಅರ್ಧ ನಿಮಿಷಕ್ಕೆ ಹೋಗುವ ಫ್ಯೂಸ್

ಆಷಾಢದ ಜಡಿಮಳೆಯಲ್ಲಿ ಕಾರವಾರದ ಬೆಂಚಿಗೆ ಬಂದದ್ದು ಎರಡು ಇಎಲ್34 ವಾಲ್ವುಗಳ (ನಿರ್ವಾತ ಕೊಳವೆಗಳ), 50 ವ್ಯಾಟಿನ ಗಿಟಾರ್ ಆಂಪ್. ಮಾಜಾಳಿ ಗಡಿಯಾಚೆಯಿಂದ ಬಂದಿತ್ತು. ಮೇನ್ಸ್ ಫ್ಯೂಸಿಗೆ ಏನೂ ಆಗಿಲ್ಲ. ಸ್ಟ್ಯಾಂಡ್‌ಬೈ ಸ್ವಿಚ್ ಒತ್ತಿ ಅರ್ಧ ನಿಮಿಷವಾದರೆ ಎಚ್‌ಟಿ (ವಾಲ್ವುಗಳಿಗೆ ಹೋಗುವ ಹೈ ವೋಲ್ಟೇಜ್) ಫ್ಯೂಸ್ ಹೋಗುತ್ತದೆ.

ಆ ಅರ್ಧ ನಿಮಿಷವೇ ದೊಡ್ಡ ಸುಳಿವು. ಡಯೋಡೋ ಫಿಲ್ಟರ್ ಕೆಪಾಸಿಟರೋ ಶಾರ್ಟ್ ಆಗಿದ್ದರೆ ಫ್ಯೂಸ್ ತಕ್ಷಣ ಹೋಗುತ್ತದೆ. ತಡವಾಗಿ ಹೋಗುತ್ತಿದ್ದರೆ ಎಲ್ಲೋ ಕರೆಂಟ್ ಮೆಲ್ಲಗೆ ಏರುತ್ತಿದೆ ಎಂದರ್ಥ, ಮೊದಲ ಅನುಮಾನ ಬಯಾಸ್ ಮೇಲೆ, ಅಂದರೆ ವಾಲ್ವಿನ ಕರೆಂಟನ್ನು ಹಿಡಿದಿಡುವ ಗ್ರಿಡ್ಡಿನ ಮೈನಸ್ ವೋಲ್ಟೇಜ್ ಮೇಲೆ. ಇದಕ್ಕೂ ಮುಂಚೆ ಫ್ಯೂಸಿನ ಲೋಹದ ಟೋಪಿಯ ಮೇಲಿನ ಅಕ್ಷರ ನೋಡಬೇಕು. ನಿಧಾನ ಫ್ಯೂಸ್ ಎಂದರೆ ‘ಟಿ’. ಆ ಜಾಗಕ್ಕೆ ‘ಎಫ್’ ಹಾಕಿದರೆ ಸ್ವಿಚ್ ಹಾಕಿದಾಗಿನ ನೂಕಿಗೇ ಹೋಗುತ್ತದೆ, ಆಂಪಿನಲ್ಲಿ ದೋಷವೇ ಇರುವುದಿಲ್ಲ. ಹೋದ ಫ್ಯೂಸಿನ ಜಾಗಕ್ಕೆ ದಪ್ಪದ್ದನ್ನು ಹಾಕಿದರೆ ಸುಡುವುದು ಟ್ರಾನ್ಸ್‌ಫಾರ್ಮರ್.

ಚಾಸಿಸ್ ಬಿಚ್ಚಿದ ಮೇಲೆ ಪ್ಲಗ್ ಕಿತ್ತು, 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಟ್ ಆದ ಕ್ಲಿಪ್ಪಿನಿಂದ ಹಿಡಿಸಿ ಫಿಲ್ಟರ್ ಕೆಪಾಸಿಟರುಗಳನ್ನು ಖಾಲಿ ಮಾಡಬೇಕು. ಮೀಟರ್ 10 ವೋಲ್ಟಿಗಿಂತ ಕಡಿಮೆ ತೋರಿಸುವವರೆಗೆ ಒಳಗೆ ಕೈ ಹಾಕಬಾರದು. ಎಚ್‌ಟಿಯ 440 ವೋಲ್ಟ್ ಆಟದ ಮಾತಲ್ಲ. ಆಮೇಲೆ ಮೇನ್ಸ್ ದಾರಿಯಲ್ಲಿ ಸೀರೀಸ್ ಬಲ್ಬ್, ಒಳಗೆ ಶಾರ್ಟ್ ಇದ್ದರೆ ಅದು ಜೋರಾಗಿ ಉರಿಯುತ್ತದೆ. 100 ವ್ಯಾಟಿನ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಉಪಯೋಗಕ್ಕೆ ಬರುವುದಿಲ್ಲ. (ಈಗ ಅದನ್ನು ಹುಡುಕುವುದೇ ಒಂದು ಕೆಲಸ.) ಇಎಲ್34 ಎರಡನ್ನೂ ತೆಗೆದಿಟ್ಟು ಹಚ್ಚಿದಾಗ ಬಲ್ಬ್ ಒಮ್ಮೆ ಮಿನುಗಿ ಮಂದವಾಯಿತು. ಅಲ್ಲಿಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ಫಿಲ್ಟರ್ ಮೂರೂ ಸರಿ. ಬಲ್ಬ್ ತೆಗೆದು ನೇರ ಮೇನ್ಸ್ ಕೊಟ್ಟರೂ ಫ್ಯೂಸ್ ತಡೆಯಿತು.

ವಾಲ್ವ್ ಇಲ್ಲದೆಯೇ ಸಾಕೆಟ್ಟಿನ 5ನೇ ಪಿನ್, ಅಂದರೆ ಗ್ರಿಡ್, ಅಳೆದರೆ ಒಂದರಲ್ಲಿ ಮೈನಸ್ 38 ವೋಲ್ಟ್, ಇನ್ನೊಂದರಲ್ಲಿ ಮೈನಸ್ 6. ಮೈನಸ್ ಇಷ್ಟು ಕಡಿಮೆಯಾದರೆ ಆ ಎರಡನೇ ವಾಲ್ವಿನ ಪ್ಲೇಟ್ ಕೆಂಪಾಗದೆ ಇನ್ನೇನಾದೀತು?

ಇಂಥಲ್ಲಿ ಎಲ್ಲರೂ ಕೈಯಿಡುವುದು 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರಿನ ಮೇಲೆ. ಅದು ಸೋರಿದರೆ ಹಿಂದಿನ ಹಂತದ ಡಿಸಿ ಗ್ರಿಡ್ಡಿಗೆ ಬರುತ್ತದೆ. ಗ್ರಿಡ್ ಕಡೆಯ ಕಾಲು ಬಿಚ್ಚಿ ನೋಡಿದರೂ ಗ್ರಿಡ್ ಮೈನಸ್ 6ರಲ್ಲೇ ನಿಂತಿತ್ತು, ಕೆಪಾಸಿಟರ್ ನಿರಪರಾಧಿ. ಸ್ಟ್ಯಾಂಡ್‌ಬೈಗೆ ಹಾಕಿ ಎಚ್‌ಟಿ ಕಡಿದಾಗ ಮಾತ್ರ ಗ್ರಿಡ್ ಮೆಲ್ಲಗೆ ಮೈನಸ್ 38ಕ್ಕೆ ಮರಳಿತು. ಸೋರಿಕೆ ಎಚ್‌ಟಿಯಿಂದಲೇ, ಅದೂ ಸಾಕೆಟ್ಟಿನಲ್ಲೇ.

ಕಾರಣ ಇಷ್ಟು: 4ನೇ ಪಿನ್ ಸ್ಕ್ರೀನ್, ಅಂದರೆ ಎಚ್‌ಟಿ ಬರುವ ಎರಡನೇ ಗ್ರಿಡ್. 6ನೇ ಪಿನ್ನಿಗೆ ವಾಲ್ವಿನೊಳಗೆ ಕೆಲಸವಿಲ್ಲದ್ದರಿಂದ 1 ಕಿಲೋಓಮ್ ಸ್ಕ್ರೀನ್ ರೆಸಿಸ್ಟರಿನ ಒಂದು ತುದಿಯನ್ನು ಅಲ್ಲಿ ಬೆಸೆದಿರುತ್ತಾರೆ. ಹಾಗಾಗಿ ಎರಡೂ ಬದಿ ಎಚ್‌ಟಿ, ನಡುವೆ 5ನೇ ಪಿನ್. ಕಡಲಗಾಳಿಯ ಉಪ್ಪು, ಹಳೆ ಫ್ಲಕ್ಸ್, ಧೂಳು ಸೇರಿ ಕಂದು ಬೇಕಲೈಟಿನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಬಿದ್ದಿತ್ತು. ಐಸೊಪ್ರೊಪೈಲ್ ಹಚ್ಚಿ ಉಜ್ಜಿದರೆ ಉಪ್ಪು ಹೋದೀತು, ಇಂಗಾಲವಾದ ಗೆರೆ ಹೋಗುವುದಿಲ್ಲ. ಕೆರೆದು ಬಿಡುವುದು ಮುಂದಿನ ಮಳೆಗಾಲದವರೆಗಿನ ರಿಪೇರಿ.

ಎರಡಕ್ಕೂ ಸೆರಾಮಿಕ್ ಸಾಕೆಟ್ ಹಾಕಿ, ಸ್ಕ್ರೀನ್ ರೆಸಿಸ್ಟರುಗಳನ್ನೂ 5 ವ್ಯಾಟಿನ ಹೊಸವಕ್ಕೆ ಬದಲಿಸಿ, ಕ್ಯಾಥೋಡಿನ 1 ಓಮ್ ರೆಸಿಸ್ಟರಿನ ಮೇಲೆ 38 ಮಿಲಿವೋಲ್ಟ್ ಬರುವಂತೆ ಬಯಾಸ್ ಕೂಡಿಸಿದ್ದಾಯಿತು. 440 ವೋಲ್ಟಿಗೆ ಅದು ಸುಮಾರು 17 ವ್ಯಾಟ್. ಇಎಲ್34 ಪ್ಲೇಟಿನ ಮಿತಿ 25.