ಓಟು ಹಾಕೋಕೆ ಹೋಗಿ ಗೋಡೆ ನೋಡ್ತಾ ನಿಂತೆ

2024ರ ಮೇ 7, ಲೋಕಸಭೆ ಓಟು. ಲಿಂಗಸುಗೂರು ತಾಲ್ಲೂಕಿನ ನಮ್ಮೂರಲ್ಲಿ ನನ್ನ ಬೂತ್ ಇರುವುದು ಹಳೇ ಇಟ್ಟಿಗೆ ಶಾಲೆಯಲ್ಲಿ. ನಮ್ಮದು ಕಲ್ಲಿನ ಸೀಮೆ, ಮುದಗಲ್ ಕೋಟೆ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಕಲ್ಲಿನ ಮನೆಗಳ ನಡುವೆ ಇದೊಂದೇ ಕೆಂಪಗಿತ್ತು, ಅದಕ್ಕೇ ಆ ಹೆಸರು. ಈಗ ಕೆಂಪು ಕಾಣುವುದಿಲ್ಲ, ಆ ಕಥೆ ಆಮೇಲೆ.

ಅಂಗಳದ ಬಿಸಿಲು ಚಪ್ಪಲಿ ದಾಟಿ ಸುಡುತ್ತಿತ್ತು. ಪಾಳಿಯಲ್ಲಿ ನನ್ನ ಮುಂದಿದ್ದ ಅಜ್ಜಿ ಮೆಲ್ಲಗೆ ವರಾಂಡ ಹತ್ತಿ, "ತಮ್ಮಾ, ಬಿಸಲಾಗ ಯಾಕ ನಿಂತಿ, ಒಳಗ ಬಾ, ತಂಪೈತಿ" ಅಂದರು. ನಿಜವಾಗಿಯೂ ತಂಪಿತ್ತು. ಗೋಡೆ ಒಂದೂವರೆ ಅಡಿಗೂ ಜಾಸ್ತಿ ದಪ್ಪ, ಹಗಲಿನ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಶಾಲೆ ಬಿಟ್ಟು ಮಕ್ಕಳು ಮನೆ ಸೇರಿರುತ್ತಾರೆ. ಪಕ್ಕದ ಹೊಸ ಆರ್‌ಸಿಸಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ಸಿಬ್ಬಂದಿ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದರು.

ನಮ್ಮ ಮುತ್ಯಾ ಓದಿದ್ದು ಇಲ್ಲೇ, ಉರ್ದುವಿನಲ್ಲಿ. ನಿಜಾಮರ ಕಾಲ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಅಲಿಫ್ ಬೇ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಅಪ್ಪ ಅದೇ ಕೋಣೆಯಲ್ಲಿ ಕನ್ನಡ ಅಕ್ಷರ ತಿದ್ದಿದರು. ಮುತ್ಯಾ ಮಾತ್ರ ಕೊನೆವರೆಗೂ ಜೋಳದ ಲೆಕ್ಕ ಉರ್ದು ಅಂಕಿಯಲ್ಲೇ ಬರೆದರು. ಅವರು ಹೋದ ಮೇಲೆ ಯಾರು ಎಷ್ಟು ಕೊಡಬೇಕು ಅಂತ ತಿಳಿಯೋಕೆ ಅಪ್ಪ ಆ ಪುಸ್ತಕ ಹಿಡಿದು ಮಸೀದಿ ಓಣಿಯ ಹಿರಿಯರೊಬ್ಬರ ಮನೆಗೆ ಅಲೆದದ್ದು ನನಗೆ ನೆನಪಿದೆ.

ಈಗ ಗೋಡೆ ವಿಷಯ. ಕೆಲವು ವರ್ಷದ ಹಿಂದೆ ದುರಸ್ತಿ ಅಂತ ಬಂದವರು ಇಟ್ಟಿಗೆ ಮೇಲೆ ಸಿಮೆಂಟ್ ಮೆತ್ತಿ, ಆಯಿಲ್ ಪೇಂಟ್ ಹೊಡೆದು ಹೋದರು. ಹಳೇ ಇಟ್ಟಿಗೆ ಕೂಡಿಸಿದ್ದು ಸುಣ್ಣದ ಗಚ್ಚಿನಿಂದ. ನೆಲದಿಂದ ಏರಿದ ತೇವ ಗಚ್ಚಿನಲ್ಲೇ ಹಾದು ಹೊರಗೆ ಆರಿಹೋಗುತ್ತಿತ್ತು. ಸಿಮೆಂಟ್ ಬಳಿದ ಮೇಲೆ ಅದಕ್ಕೆ ದಾರಿ ಎಲ್ಲಿದೆ? ಒಳಗೇ ಕೂತು ಇಟ್ಟಿಗೆ ತಿನ್ನುತ್ತಿದೆ. ಕಿಟಕಿ ಕೆಳಗೆ ಸುಮ್ನೆ ಗೆಣ್ಣಿನಿಂದ ಬಡಿದೆ, ಡಬ್ ಡಬ್ ಅಂತು. ರೊಟ್ಟಿಯಷ್ಟು ದೊಡ್ಡ ಹೆಕ್ಕಳ ಎದ್ದಿತ್ತು. ಅದರ ಹಿಂದೆ ಬೆರಳು ಹಾಕಿದರೆ ಬಿಳಿ ಉಪ್ಪು, ಕುಂಕುಮದಂಥ ಪುಡಿ. ಮಾಳಿಗೆ ಹತ್ತಿರ ಏಣಿ ಎಟುಕದೆ ಬಿಟ್ಟ ಎರಡು ಸಾಲು ಇಟ್ಟಿಗೆ ಮಾತ್ರ ಇವತ್ತಿಗೂ ಗಟ್ಟಿಯಾಗಿ ಕೂತಿವೆ. ಸೋಮಾರಿತನದಿಂದ ಅಷ್ಟಾದರೂ ಉಳಿಯಿತು.

ನನ್ನ ಪಾಳಿ ಬಂತು. ಶಾಯಿ ಹಾಕುವವರು ಎಡಗೈ ಬೆರಳು ಹಿಡಿದು, "ಏನ್ರೀ ಇದು, ಮೊದಲು ಒರಸ್ಕೊಳ್ರಿ" ಅಂದರು. ಪ್ಯಾಂಟಿಗೆ ಒರೆಸಿಕೊಂಡೆ.