ಅಸಿಂಧುವಾದ ಕಾನೂನಿನ ಹಳೆಯ ಹಾಳೆಗಳನ್ನು ಏಕೆ ನೋಡಬೇಕು?

ಇಂಗ್ಲೆಂಡಿನಲ್ಲಿ ದೊರೆಯಿಲ್ಲದೆ ಆಡಳಿತ ನಡೆದ 1649ರಿಂದ 1660ರವರೆಗಿನ ಅವಧಿಯಲ್ಲಿ ಅಚ್ಚಾದ ಶಾಸನಗಳ ಬಗ್ಗೆ ನನಗಿರುವ ಆಸಕ್ತಿಯನ್ನು ಬಲ್ಲವರು ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಆ ಕಾನೂನುಗಳೆಲ್ಲ ಅಸಿಂಧುವಾದವು, ಅವುಗಳ ಪಠ್ಯವೂ 1911ರಲ್ಲಿ ಸಂಪುಟಗಳಾಗಿ ಪ್ರಕಟವಾಗಿದೆ, ಹಾಗಿರುವಾಗ ಮೂಲ ಹಾಳೆಗಳೇ ಏಕೆ ಬೇಕು? ರಾಜ್ಯಾಧಿಕಾರ ಯಾರದೆಂಬುದೇ ವಿವಾದವಾಗಿದ್ದ ಕಾಲದಲ್ಲಿ ಹೊಸ ಆಡಳಿತ ತನ್ನ ಹಕ್ಕನ್ನು ಜನರ ಮುಂದೆ ಯಾವ ರೂಪದಲ್ಲಿ ಇಟ್ಟಿತೆಂಬುದನ್ನು ಆ ಹಾಳೆಗಳಷ್ಟು ನೇರವಾಗಿ ಬೇರಾವುದೂ ತೋರಿಸುವುದಿಲ್ಲ ಎಂಬುದು ನನ್ನ ಉತ್ತರ.

ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾದದ್ದು 1649ರ ಜನವರಿ 30ರಂದು. ಮಾರ್ಚ್ 17ರಂದು ದೊರೆಯ ಪದವಿಯನ್ನೂ, ಎರಡು ದಿನಗಳ ಬಳಿಕ ಸಂಸತ್ತಿನ ಮೇಲ್ಮನೆಯಾದ ಪ್ರಭುಗಳ ಸಭೆಯನ್ನೂ ರದ್ದುಪಡಿಸುವ ಶಾಸನಗಳು ಹೊರಬಿದ್ದವು. ಹಿಂದೆ ದೊರೆಯ ಹೆಸರಿನಿಂದ ಆರಂಭವಾಗಿ ಪ್ರಭುಗಳ ಸಭೆಯ ಮತ್ತು ಕೆಳಮನೆಯಾದ ಕಾಮನ್ಸ್ ಸಭೆಯ ಸಮ್ಮತಿಯನ್ನು ಹೇಳುತ್ತಿದ್ದ ಒಕ್ಕಣೆಯ ಜಾಗದಲ್ಲಿ, ಈಗ ಈ ಸಂಸತ್ತು ತನ್ನದೇ ಅಧಿಕಾರದಿಂದ ವಿಧಿಸುತ್ತದೆ ಎಂಬ ಮಾತಷ್ಟೇ ಉಳಿದಿದೆ. ಇಡೀ ರಾಜ್ಯವ್ಯವಸ್ಥೆ ಮಗುಚಿದ್ದು ಆ ಒಂದು ಸಾಲಿನಲ್ಲಿ ಕಾಣುತ್ತದೆ. ಮಾರ್ಚ್ 17ರ ಶಾಸನದ ಮೇಲೆ 1648 ಎಂದು ಅಚ್ಚಾಗಿರುವುದನ್ನು ಕಂಡು ಪ್ರತಿಯ ಮೇಲೆಯೇ ಅನುಮಾನಪಡಬೇಕಿಲ್ಲ, ಏಕೆಂದರೆ ಆಗ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಜನವರಿ 1ಕ್ಕೆ ಬದಲಾದದ್ದು 1752ರಲ್ಲಿ.

1660ರಲ್ಲಿ ಎರಡನೆಯ ಚಾರ್ಲ್ಸ್ ಮರಳಿದಾಗ ಅವನ ಆಳ್ವಿಕೆಯನ್ನು ತಂದೆ ಸತ್ತ ದಿನದಿಂದಲೇ ಎಣಿಸಲಾಯಿತು. ಹೀಗಾಗಿ ಆ ವರ್ಷದ ಶಾಸನಗಳು ಅವನ ಆಳ್ವಿಕೆಯ 12ನೆಯ ವರ್ಷದವು ಎಂದು ಗುರುತಿಸಿಕೊಂಡಿವೆ. ನಡುವಿನ ಕಾನೂನುಗಳಿಗೆ ದೊರೆಯ ಅಂಕಿತವಿರಲಿಲ್ಲವೆಂಬ ಕಾರಣಕ್ಕೆ ಅಧಿಕೃತ ಶಾಸನ ಸಂಪುಟಗಳಲ್ಲಿ ಅವುಗಳಿಗೆ ಸ್ಥಾನ ಸಿಗಲಿಲ್ಲ. ಆದರೆ ಜನ ಅವುಗಳ ಅಡಿಯಲ್ಲಿಯೇ ತೆರಿಗೆ ಕಟ್ಟಿದ್ದರು, ಮದುವೆಯಾಗಿದ್ದರು. ಆ ಮದುವೆಗಳನ್ನು ಊರ್ಜಿತಗೊಳಿಸಲು 1660ರಲ್ಲಿ ಬೇರೆಯೇ ಶಾಸನ ಮಾಡಬೇಕಾಯಿತು. ಸರಕು ಸಾಗಣೆಯನ್ನು ಇಂಗ್ಲಿಷ್ ಹಡಗುಗಳ ಪಾಲಾಗಿಸಲು ಗಣರಾಜ್ಯ 1651ರಲ್ಲಿ ಮಾಡಿದ ನೌಕಾಯಾನ ಶಾಸನದ ನೀತಿಯನ್ನು ದೊರೆಯ ಸಂಸತ್ತು ಕೈಬಿಡಲಿಲ್ಲ; 1660ರಲ್ಲಿ ದೊರೆಯ ಹೆಸರಿನಲ್ಲಿ ಅದನ್ನೇ ಮತ್ತೆ ವಿಧಿಸಿ ಇನ್ನಷ್ಟು ಬಿಗಿಗೊಳಿಸಿತು. ಯಾವುದು ನಿಜವಾಗಿ ಮರಳಿತು, ಯಾವುದು ಹೆಸರಿಗೆ ಮಾತ್ರ ಬದಲಾಯಿತು ಎಂಬುದನ್ನು ಅರಿಯಬೇಕೆಂದರೆ ಈ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನಲ್ಲಿಯೇ ನಡೆಯಬೇಕೆಂಬ 1650ರ ಶಾಸನವಾದರೋ 1660ರಲ್ಲಿ ಬಿದ್ದುಹೋಯಿತು, ಅದೇ ಬದಲಾವಣೆ ಮತ್ತೆ ಜಾರಿಗೆ ಬಂದದ್ದು 1733ರಲ್ಲಿ.

ಇಂಥ ಹಾಳೆಗಳು ಅಷ್ಟಾದರೂ ಉಳಿದದ್ದಕ್ಕೆ ನಾವು ಋಣಿಯಾಗಿರಬೇಕಾದವರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್ ಮೊದಲಿಗ. 1640ರಿಂದ 1661ರವರೆಗೆ ಆತ ಕೂಡಿಟ್ಟ ಸುಮಾರು 22,000 ಪ್ರಕಟಣೆಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಅನೇಕ ಪ್ರತಿಗಳ ಮೇಲೆ ಆತ ಸ್ವಂತ ಕೈಯಿಂದ ದಿನಾಂಕ ಬರೆದಿದ್ದಾನೆ, ಆದ್ದರಿಂದ ಯಾವ ಮುದ್ರಣ ಲಂಡನ್ನಿನ ಓದುಗರ ಕೈಗೆ ಸುಮಾರಾಗಿ ಯಾವಾಗ ಸಿಕ್ಕಿತೆಂದು ಇಂದಿಗೂ ಗೊತ್ತುಮಾಡಿಕೊಳ್ಳಬಹುದು.