ಕೂತಷ್ಟೂ ಬಿಗಿಯುವ ಮೊಣಕಾಲು

ಮೊಣಕಾಲು ನೋವು ಅಂದ ಕೂಡಲೇ ನಮ್ಮ ಶಿರಸಿ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ಓಡಾಟ ಕಮ್ಮಿ ಮಾಡಿ. ನನ್ನ ಆಯಿಗೂ, ಅಂದರೆ ಅಮ್ಮನಿಗೂ, ಹಾಗೇ ಹೇಳಿದರು. ತೋಟಕ್ಕೆ ಇಳಿಯುವುದು ನಿಂತಿತು. ಕೊಟ್ಟಿಗೆ ಕೆಲಸಕ್ಕೆ ಆಳು ಬಂದರು. ಸೋಲಾರ್ ಬಂದ ಮೇಲೆ ಬಚ್ಚಲ ಒಲೆಗೆ ಕಟ್ಟಿಗೆ ದೂಡಲು ಏಳುವುದೂ ತಪ್ಪಿತು. ಜಗುಲಿಯಲ್ಲಿ ಕೂತರೆ ಕೂತೇ ಇರುತ್ತಿದ್ದಳು. ನೋವು ಮಾತ್ರ ಇಳಿಯಲಿಲ್ಲ. ಎದ್ದು ನಿಲ್ಲುವುದೇ ಕಷ್ಟವಾಗತೊಡಗಿತು.

ಮಳೆಗಾಲ ಮುಗಿದ ಮೇಲೆ ಅವಳನ್ನು ಕಾರವಾರದ ನಮ್ಮ ಮನೆಗೆ ಕರೆತಂದೆ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬರುವಷ್ಟರಲ್ಲಿ ಕಾಲು ಮಡಚಿದಲ್ಲೇ ಹಿಡಿದುಕೊಂಡಿತ್ತು. ಕಾರಿನ ಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತಳು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲಾಯಿತು.

ಮರುದಿನ ಫಿಸಿಯೋಥೆರಪಿಸ್ಟ್ ಹತ್ತಿರ ಇದನ್ನೇ ಹೇಳಿದೆ. ಅವರು ಎಕ್ಸ್‌ರೇ ನೋಡಿ, ಆಯಿಯ ತೊಡೆ ಒತ್ತಿ ನೋಡಿದರು. "ಸವೆತ ಇದೆ ಅಮ್ಮಾ. ಆದರೆ ಅದಕ್ಕಿಂತ ಈ ಸ್ನಾಯು ಜಾಸ್ತಿ ಸೋತಿದೆ" ಅಂದರು.

ಅವರು ಬಿಡಿಸಿ ಹೇಳಿದ್ದು ಎಲ್ಲರಿಗೂ ಗೊತ್ತಿರಬೇಕು ಅನಿಸುತ್ತದೆ. ಸವೆಯುವುದು ಮೂಳೆಯ ತುದಿಗೆ ಹೊದ್ದುಕೊಂಡಿರುವ ಕಾರ್ಟಿಲೇಜ್. ಅದಕ್ಕೆ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕಾಲಿನ ಮೇಲೆ ಭಾರ ಬಿದ್ದಾಗ ದ್ರವ ಹಿಂಡಿ ಹೊರಗೆ ಬರುತ್ತದೆ, ಭಾರ ಇಳಿದಾಗ ಮತ್ತೆ ಒಳಗೆ ಸೇರುತ್ತದೆ. ಅಂದರೆ ಕಾಲು ಆಡಬೇಕು. ತೊಡೆಯ ಮುಂಭಾಗದ ಸ್ನಾಯು ಮೊಣಕಾಲಿಗೆ ಬಲ ಕೊಡಬೇಕು, ಕೂತಲ್ಲೇ ಕೂತರೆ ಅದೂ ಕರಗುತ್ತದೆ. ನೋವಿಗೆ ಹೆದರಿ ಕೂರುವುದು, ಕೂತದ್ದಕ್ಕೇ ನೋವು ಜಾಸ್ತಿ ಆಗುವುದು. ಎಷ್ಟು ಮನೆಗಳಲ್ಲಿ ಹಿರಿಯರು ಹೀಗೆ ಸಿಕ್ಕಿಕೊಂಡಿದ್ದಾರೋ ಅಂತ ಸಂಕಟವಾಗುತ್ತದೆ.

ಕಲಿಸಿದ್ದು ಎರಡು ವ್ಯಾಯಾಮ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಎಣಿಸುವವರೆಗೆ ಹಿಡಿಯುವುದು ಒಂದು. ಆಯಿ ಒತ್ತಿದಾಗ ಚಿಪ್ಪಿನ ಮೇಲಿನ ಸ್ನಾಯು ಸಣ್ಣಗೆ ನಡುಗುತ್ತಿತ್ತು. "ಯಂಗೆ ಆಗ್ತಿಲ್ಲೆ ತಮಾ" ಅಂದಳು. ಆದರೂ ಬಿಡದೆ ಮತ್ತೆ ಒತ್ತಿದಳು. ಇನ್ನೊಂದು, ಕೈ ಊರದೆ ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಮೊದಲು ಆಗಲೇ ಇಲ್ಲ. ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿದ ಮೇಲೆ ಆಯಿತು.

ಅದೇ ಸಂಜೆ ಟ್ಯಾಗೋರ್ ಬೀಚಿಗೆ ಹೋದೆವು. ಒಣ ಮರಳಲ್ಲಿ ಕಾಲು ಹುಗಿಯುತ್ತದೆ, ಶ್ರಮ ಜಾಸ್ತಿ, ಕಾಲು ಹೊರಳುವ ಭಯ ಬೇರೆ. ನಮ್ಮ ಪುಣ್ಯಕ್ಕೆ ಇಳಿತದ ಹೊತ್ತು. ನೀರಂಚಿನ ಒದ್ದೆ ಮರಳು ಗಟ್ಟಿಯಾಗಿತ್ತು. ಆಯಿ ನನ್ನ ತೋಳು ಹಿಡಿದುಕೊಂಡು, ದೇವಗಡ ದ್ವೀಪದ ದೀಪಸ್ತಂಭದ ಬಗ್ಗೆ ಕೇಳುತ್ತಾ ನಡೆದಳು. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ ಸಾಕು ಅಂತ ಫಿಸಿಯೋ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅದನ್ನು ಒಂದೇ ಸಲ ಮುಗಿಸಬೇಕಾಗಿಲ್ಲ, 10 ನಿಮಿಷ ನಡೆದರೂ ಲೆಕ್ಕಕ್ಕೆ ಸೇರುತ್ತದೆ. ಮರುದಿನ ಬೆಳಿಗ್ಗೆ ನೋವು ಏರಿದ್ದರೆ ಸ್ವಲ್ಪ ಕಮ್ಮಿ ಮಾಡುವುದು, ಪೂರ್ತಿ ನಿಲ್ಲಿಸುವುದಲ್ಲ.

ಈಗ ಊರಲ್ಲಿ ಅಡಿಕೆ ಸುಲಿಗೆ. ಮೆಟ್ಟುಗತ್ತಿ ಮುಂದೆ ಕೂತರೆ ಗಂಟೆಗಟ್ಟಲೆ ಏಳದ ಕೆಲಸ ಅದು. ಫೋನ್ ಮಾಡಿ ಎಚ್ಚರಿಸಿದರೆ, "ಒಂದ್ ಬುಟ್ಟಿ ತುಂಬಿದ ಕೂಡ್ಲೆ ಏಳ್ತಿ" ಅಂದಳು. ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ಕೂರುತ್ತಾಳಂತೆ. ತೋಟಕ್ಕೂ ಇಳಿಯುತ್ತಿದ್ದಾಳೆ. ಮೆಟ್ಟಿಲು ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ಮೊಣಕಾಲಿಗೆ ಭಾರ ಜಾಸ್ತಿ. ಅದಕ್ಕೇ ನೋವಿರುವ ಬಲಗಾಲು ಮೊದಲು ಇಳಿಸಬೇಕು, ಹತ್ತುವಾಗ ಎಡಗಾಲು ಮೊದಲು, ಕೋಲು ಎಡಗೈಯಲ್ಲಿ. ನೋವಿರುವ ಕಡೆಗೇ ಕೋಲು ಹಿಡಿಯುವವರೇ ಜಾಸ್ತಿ, ಅಲ್ವಾ? ನೋವು ಪೂರ್ತಿ ಹೋಗಿಲ್ಲ. ಮಾತ್ರೆ ಕಮ್ಮಿಯಾಗಿದೆ.

ಮೊನ್ನೆ ಪಕ್ಕದ ಮನೆಯ ಅತ್ತೆಗೂ ಟವೆಲ್ ಒತ್ತುವುದನ್ನು ಕಲಿಸಲು ಹೊರಟಿದ್ದಳು. ಅವರ ಮೊಣಕಾಲು ಒಮ್ಮೆಲೇ ಊದಿ, ಮುಟ್ಟಿದರೆ ಬಿಸಿ ಇದೆ ಅಂತ ಗೊತ್ತಾಯಿತು. ಅದು ಬರೀ ಸವೆತ ಇರಲಿಕ್ಕಿಲ್ಲ, ವ್ಯಾಯಾಮ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಲಿ ಅಂತ ಹೇಳಿದೆ. ಆಯಿಯೇ ಜೊತೆಗೆ ಶಿರಸಿಗೆ ಹೋಗಿ ತೋರಿಸಿಕೊಂಡು ಬಂದಳು.